ಎಂಟು ಗಂಟೆಯ ಕಣಕ

ನೇಪಲ್ಸಿನ ಪಕ್ಕದ, ಜ್ವಾಲಾಮುಖಿಯ ಮೇಲೆ ಕೂತ ಪೊತ್ಸುವೊಲಿಯಲ್ಲಿ ಭೂಮಿ ಅಲ್ಲಾಡಿದರೆ ಜನ ಮಾತು ನಿಲ್ಲಿಸುವುದಿಲ್ಲ, ದನಿಯನ್ನು ಸ್ವಲ್ಪ ಏರಿಸುತ್ತಾರೆ, ಅಷ್ಟೆ. ಆ ಮಂಗಳವಾರ ಓನೊಫ್ರಿಯೊನ ಕ್ಷೌರದಂಗಡಿಯಲ್ಲಿ ಕನ್ನಡಿಯ ಮುಂದಿನ ಸೀಸೆಗಳೆಲ್ಲ ಗಿಲಿಗಿಲಿ ಎಂದಾಗಲೂ ಹಾಗೇ ಆಯಿತು. ಓನೊಫ್ರಿಯೊ ಬ್ಲೇಡನ್ನು ಗಿರಾಕಿಯ ಕೆನ್ನೆಯಿಂದ ಎರಡು ಬೆರಳು ದೂರ ಹಿಡಿದು ಕಾದ. ಸೀಸೆಗಳು ಸುಮ್ಮನಾದವು. ಬ್ಲೇಡು ಕೆನ್ನೆಗೆ ಮರಳಿತು, ಜಗಳ ಪಿಜ್ಜಾಕ್ಕೆ ಮರಳಿತು.

ಜಗಳ ಶುರುವಾಗಿ ಮೂರು ತಿಂಗಳಾಗಿತ್ತು. ಬಂದರಿನ ಕೇರಿಯಲ್ಲಿ ಒಳ್ಳೆಯ ಪಿಜ್ಜಾ ಯಾರದು? ಮೊದಲಾದರೆ ಈ ಪ್ರಶ್ನೆಯನ್ನೇ ಯಾರೂ ಕೇಳುತ್ತಿರಲಿಲ್ಲ. ಚರ್ಚಿನ ಮೆಟ್ಟಿಲ ಬಳಿಯ ಡೊನ್ ಲಿಬೋರಿಯೊನದು, ಇನ್ಯಾರದು? ಮೂವತ್ತು ವರ್ಷ ಅದೇ ಉತ್ತರ. ಈ ಚಳಿಗಾಲ ಉತ್ತರ ಬದಲಾಯಿತು. ಕೆಳಗೆ, ದೋಣಿಕಟ್ಟೆಯ ಓಣಿಯಲ್ಲಿರುವ ಪ್ರೊಕೊಲೊನ ಅಂಗಡಿಯ ಮುಂದೆ ಜನ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ಸಾಲುಗಟ್ಟತೊಡಗಿದರು. ನೇಪಲ್ಸಿನಿಂದಲೂ ಬಂದು ತಿಂದುಹೋಗುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಆ "ಅಂತೆ" ಲಿಬೋರಿಯೊನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಅವನಿಗೆ ಅರವತ್ತೆಂಟು ವರ್ಷ, ಬಲ ಮಂಡಿ ಕೈಕೊಟ್ಟಿತ್ತು, ನಾಲಗೆ ಮಾತ್ರ ಚೆನ್ನಾಗಿತ್ತು. ದಿನವೂ ಹನ್ನೊಂದಕ್ಕೆ ಓನೊಫ್ರಿಯೊನ ಅಂಗಡಿಯ ಬೆಂಚಿನ ಮೇಲೆ ಕೂತು, ತನ್ನ ಹೆಸರನ್ನು ತನ್ನೆದುರಿಗೇ ತೂಗಿ ನೋಡುವುದನ್ನು ಕೇಳಿಸಿಕೊಳ್ಳುತ್ತಿದ್ದ. ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಕಾದಷ್ಟಿತ್ತು.

"ಬೇಜಾರು ಮಾಡ್ಕೋಬೇಡಿ ಡೊನ್ ಲಿಬೋರಿಯೊ," ಎಂದ ಓನೊಫ್ರಿಯೊ, ಬ್ಲೇಡು ಒರೆಸುತ್ತಾ. "ನಿಮ್ಮದು ಚೆನ್ನಾಗಿಲ್ಲ ಅಂತ ನಾನೆಲ್ಲಿ ಅಂದೆ? ಆದ್ರೆ ಆ ಪ್ರೊಕೊಲೊನ ಪಿಜ್ಜಾದ ಅಂಚು ಇದೆಯಲ್ಲ, ಬಾಯಲ್ಲಿಟ್ರೆ ಅಗಿಯೋ ಕೆಲಸಾನೇ ಇಲ್ಲ."

"ಅಗಿಯೋಕೆ ನಿನಗೆ ಹಲ್ಲಿದ್ರೆ ತಾನೆ?" ಎಂದ ಬಿಯಾಜೊ. ಅವನು ಹಡಗಿನ ಕೆಲಸದಿಂದ ನಿವೃತ್ತನಾದವನು, ಪ್ರೊಕೊಲೊನ ಅಂಗಡಿಯ ಮೇಲಿನ ಮನೆಯಲ್ಲೇ ಇದ್ದುಕೊಂಡು ಲಿಬೋರಿಯೊನ ಪಕ್ಷ ವಹಿಸಿದವನು. ಹಟಕ್ಕೆ ಬಿದ್ದು ಪಣವನ್ನೂ ಕಟ್ಟಿದ್ದ. ಯಾರ ಕಡೆ ಸೋಲುತ್ತದೋ ಅವರು ಇಡೀ ಓಣಿಗೆ ಗೆದ್ದವನ ಅಂಗಡಿಯ ಪಿಜ್ಜಾ ಹಾಕಿಸಬೇಕು. ಬಿಯಾಜೊ ಸೋತರೆ ಅರವತ್ತು ಪಿಜ್ಜಾ, ಓನೊಫ್ರಿಯೊ ಸೋತರೂ ಅಷ್ಟೇ. ತೀರ್ಪು ಕೊಡುವವರು ಮಾತ್ರ ಯಾರೂ ಇರಲಿಲ್ಲ.

"ಒದ್ದೆ ಟವೆಲ್ಲು," ಎಂದ ಲಿಬೋರಿಯೊ. ಪ್ರೊಕೊಲೊನ ಪಿಜ್ಜಾಕ್ಕೆ ಅವನಿಟ್ಟ ಹೆಸರು ಅದು. ಓಣಿಯ ತುಂಬ ಹಬ್ಬಿ, ಪ್ರೊಕೊಲೊನ ಕಿವಿಗೂ ಬಿದ್ದಾಗಿತ್ತು.

"ಟವೆಲ್ಲೋ ಗಿವೆಲ್ಲೋ, ನನ್ನ ನಿದ್ದೆ ಅಂತೂ ಹಾಳು," ಎಂದ ಬಿಯಾಜೊ. "ಬೆಳಗಿನ ಜಾವ ನಾಲ್ಕಕ್ಕೆ ಹಿಟ್ಟು ನಾದೋ ಮೆಷಿನ್ನು ಗುರ್ ಅಂತ ಶುರು ಮಾಡುತ್ತೆ. ಮಂಚ ಅಲ್ಲಾಡಿದ್ರೆ ಭೂಕಂಪಾನೋ ಪ್ರೊಕೊಲೊನೋ ಗೊತ್ತಾಗಲ್ಲ."

ಎಲ್ಲರೂ ನಕ್ಕರು. ಲಿಬೋರಿಯೊ ನಗಲಿಲ್ಲ. "ನಾಲ್ಕಕ್ಕೆ ನಾದೋದು ಮಾರನೇ ದಿನಕ್ಕೆ ತಾನೆ?"

"ಎಲ್ಲಿಂದ ಬಂತು ಮಾರನೇ ದಿನ? ಅವತ್ತಿನದು ಅವತ್ತಿಗೆ. ನಾಲ್ಕಕ್ಕೆ ನಾದ್ತಾನೆ, ಕೆಳಗೆ ನೆಲಮಾಳಿಗೆಗೆ ಇಳಿಸ್ತಾನೆ, ಹನ್ನೆರಡಕ್ಕೆ ಎತ್ತಿ ಒಲೆ ಹತ್ತಿರ ಇಡ್ತಾನೆ. ನಾನೇನು ಕಣ್ಣು ಮುಚ್ಕೊಂಡಿರ್ತೀನಾ?"

ಎಂಟು ಗಂಟೆ. ಫೆಬ್ರವರಿಯಲ್ಲಿ, ಆ ನೆಲಮಾಳಿಗೆಯಲ್ಲಿ, ಎಂಟೇ ಗಂಟೆ! ಲಿಬೋರಿಯೊ ಎದ್ದು ಟೋಪಿ ಹಾಕಿಕೊಂಡ. ಆ ನೆಲಮಾಳಿಗೆ ಅವನಿಗೆ ತನ್ನ ಅಂಗೈಯಷ್ಟೇ ಪರಿಚಿತ. ಅವನೂ ಪ್ರೊಕೊಲೊನೂ ಕೆಲಸ ಕಲಿತದ್ದು ಅಲ್ಲೇ, ಮೇಸ್ತ್ರಿ ಅನಿಯೆಲ್ಲೊನ ಕೈಕೆಳಗೆ. ಹಳದಿ ಕಲ್ಲಿನಲ್ಲಿ ಕೊರೆದ ಹದಿನೇಳು ಮೆಟ್ಟಿಲು, ಕೆಳಗೆ ಮೂಳೆ ಕೊರೆಯುವ ತಂಪು. ಚಳಿಗಾಲದಲ್ಲಿ ಕಣಕದ ಉಂಡೆಗಳು ಉಬ್ಬಲು ಒಂದು ಹಗಲು, ಒಂದು ರಾತ್ರಿ ಪೂರ್ತಿ ಬೇಕಿತ್ತು. ಹಿರಿಯ ಶಿಷ್ಯ ತಾನು, ಆದರೆ ಮೇಸ್ತ್ರಿ ತನ್ನ ಮಗಳು ರಾಕೆಲೆಯನ್ನು ಪ್ರೊಕೊಲೊನಿಗೆ ಕೊಟ್ಟು, ಅಂಗಡಿಯನ್ನೂ ಅಳಿಯನಿಗೇ ಕೊಟ್ಟ. ಆ ಮಾತನ್ನು ಲಿಬೋರಿಯೊ ಯಾರೆದುರೂ ಎತ್ತಿರಲಿಲ್ಲ, ಮರೆತೂ ಇರಲಿಲ್ಲ.

ಕೆಳಗೆ ಹೀಟರ್ ಇಟ್ಟಿದ್ದಾನೆ ಬಡ್ಡಿಮಗ, ಎಂದುಕೊಂಡ. ಹೀಟರ್ ಇಟ್ಟು ಕಣಕ ಉಬ್ಬಿಸಿ, ಅದನ್ನು ಕೈಗುಣ ಅಂತ ಮಾರುತ್ತಿದ್ದಾನೆ. ಇದನ್ನೊಂದು ಹಿಡಿದುಕೊಟ್ಟರೆ ಜಗಳ ಮುಗಿಯಿತು. ಎಷ್ಟೋ ತಿಂಗಳ ಮೇಲೆ ಅವನಿಗೆ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಓಣಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಪ್ರೊಕೊಲೊನ ಅಂಗಡಿಯ ಪಕ್ಕದ ಗೋಡೆಯ ಬುಡದಲ್ಲಿದ್ದ ಬೆಳಕಿಂಡಿಯ ಮುಂದೆ ಕಷ್ಟಪಟ್ಟು ಮಂಡಿಯೂರಿದ. ಒಳಗೆ ಕತ್ತಲೆ. ಹೀಟರಿನ ಕೆಂಪು ದೀಪವಿಲ್ಲ, ವೈರಿಲ್ಲ, ಸದ್ದಿಲ್ಲ. ಸರಳಿನ ನಡುವೆ ಕೈ ತೂರಿಸಿದ. ಒಳಗಿಂದ ಬಿಸಿಯಾದ, ಒದ್ದೆಯಾದ ಗಾಳಿ ಬಂದು ಅಂಗೈಗೆ ತಾಗಿತು, ಜ್ವರ ಬಂದವರ ಉಸಿರಿನ ಹಾಗೆ. ಗೋಡೆಯ ಒಳಮೈ ಮುಟ್ಟಿದ. ಕಲ್ಲು ಬೆಚ್ಚಗಿತ್ತು. ಒಲೆ ಇದ್ದದ್ದು ಅಂಗಡಿಯ ಆ ಕೊನೆಯಲ್ಲಿ, ಅದರ ಕಾವು ಇಲ್ಲಿಗೆ ಬರುವ ಮಾತೇ ಇಲ್ಲ. ಈ ಕಾವು ಮೇಲಿಂದ ಬಂದದ್ದಲ್ಲ, ನೆಲದಡಿಯಿಂದ ಬಂದದ್ದು.

ಲಿಬೋರಿಯೊ ಕೈ ಹಿಂದೆಳೆದುಕೊಂಡ. ಖುಷಿಯೆಲ್ಲ ಇಳಿದುಹೋಗಿತ್ತು. ಕಳೆದ ಅಕ್ಟೋಬರಿನಲ್ಲಿ ಊರ ಪಕ್ಕ ಹೊಗೆಯಾಡುವ ಗಂಧಕದ ಗುಡ್ಡದ ಮಗ್ಗುಲಿನ ಒಂದು ಮನೆಯಲ್ಲಿ ಹೀಗೇ ನೆಲಮಾಳಿಗೆ ಬೆಚ್ಚಗಾಗಿ, ಕೆಳಗಿಳಿದ ಎರಡು ನಾಯಿಗಳು ಮೇಲೆ ಬಂದಿರಲಿಲ್ಲ. ನೆಲದಿಂದ ಏಳುವ ಗಾಳಿ ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ, ಅಲ್ಲಿ ಉಸಿರಾಡಿದರೆ ಮುಗಿಯಿತು ಎಂದು ಆಗ ಊರೆಲ್ಲ ಮಾತಾಡಿಕೊಂಡಿತ್ತು. ಆದರೆ ಅದು ಗುಡ್ಡ, ಇದು ಬಂದರು. ಇಲ್ಲಿಗೆ ಬಂದೀತೆಂದು ಯಾರೂ ಎಣಿಸಿರಲಿಲ್ಲ.

"ಏನ್ರೀ ಅದು, ಗೋಡೆಗೆ ಪ್ರಾರ್ಥನೆ ಮಾಡ್ತಿದ್ದೀರಾ?"

ರಾಕೆಲೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಲಿಬೋರಿಯೊ ಗೋಡೆ ಹಿಡಿದು ಏಳುವಷ್ಟರಲ್ಲಿ ಎರಡು ಕಿಟಕಿಗಳು ತೆರೆದುಕೊಂಡಿದ್ದವು.

"ರಾಕೆಲೆ, ನಿಮ್ಮ ನೆಲಮಾಳಿಗೆ ಬಿಸಿಯಾಗಿದೆ. ಸುಮ್ನೆ ಹೇಳ್ತಿಲ್ಲ, ಮುಟ್ಟಿ ನೋಡು. ನೆಲ ಬಿಸಿಯಾಗಿದೆ ಕಣಮ್ಮ."

"ಬಿಸಿಯಾಗಿರೋದು ನಮ್ಮ ನೆಲಮಾಳಿಗೆ ಅಲ್ಲ, ನಿಮ್ಮ ಹೊಟ್ಟೆ," ಎಂದಳು ರಾಕೆಲೆ, ಕಿಟಕಿಗಳಿಗೂ ಕೇಳಿಸುವ ಹಾಗೆ. "ಮೂರು ತಿಂಗಳಿಂದ ಉರೀತಾ ಇದೆ. ಗುಟ್ಟು ಕದಿಯೋಕೆ ಬಂದು ಸಿಕ್ಕಿಬಿದ್ದು ಈಗ ನೆಲ ಅಂತೀರಲ್ಲ, ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ?"

ಕಿಟಕಿಗಳಿಂದ ನಗು ಬಂತು. ಆ ಸಂಜೆಯೇ ಪ್ರೊಕೊಲೊ ಬೆಳಕಿಂಡಿಗೆ ಹಲಗೆ ಬಡಿದು, ಸುತ್ತಲೂ ಗಾರೆ ಮೆತ್ತಿದ. ಇಣುಕಿದವನಿಗೆ ಇನ್ನೇನೂ ಕಾಣಬಾರದೆಂದು ಹಾಗೆ ಮಾಡಿದ್ದು. ಗಾಳಿ ಹೊರಗೆ ಹೋಗಲು ಇದ್ದ ಒಂದೇ ದಾರಿ ಮುಚ್ಚಿತು. ಲಿಬೋರಿಯೊ ಓಣಿಯ ತುದಿಯಲ್ಲಿ ನಿಂತು ಅದನ್ನು ನೋಡಿದ.

ಗುರುವಾರ ಮಾನ ಬಿಟ್ಟು ಪ್ರೊಕೊಲೊನ ಅಂಗಡಿಗೇ ಹೋದ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದ್ದು. ಪ್ರೊಕೊಲೊ ಒಲೆಗೆ ಸೌದೆ ಒಟ್ಟುತ್ತಿದ್ದ. ಐವತ್ತೊಂಬತ್ತರ ಗುಂಡು ಮನುಷ್ಯ, ಮುಖ ಎಂದಿನಂತೆ ನಗುತ್ತಿತ್ತು, ಕಣ್ಣು ಮಾತ್ರ ಕೆಂಪಗಿತ್ತು.

"ಬಾ ಲಿಬೋರಿಯಣ್ಣ. ಬೆಳಕಿಂಡಿ ಮುಚ್ಚಿದ್ದಕ್ಕೆ ಬಾಗಿಲಿಂದಾನೇ ಬಂದೆಯಾ?"

"ತಮಾಷೆ ಸಾಕು ಪ್ರೊಕೊಲೊ. ನಿನ್ನ ಕಣಕ ಎಂಟು ಗಂಟೇಲಿ ಹೇಗೆ ಏಳ್ತಿದೆ ಅಂತ ಯೋಚನೆ ಮಾಡಿದ್ದೀಯಾ? ಮೇಸ್ತ್ರಿ ಕಾಲದಲ್ಲಿ ಎಷ್ಟು ಹೊತ್ತು ಬೇಕಿತ್ತು?"

"ಮಾಡಿದ್ದೀನಿ. ನವೆಂಬರಿಂದ ಕೆಳಗೆ ಹದವಾಗಿ ಬೆಚ್ಚಗಾಗಿದೆ. ಹಗಲೂ ಒಂದೇ, ರಾತ್ರೀನೂ ಒಂದೇ. ಅಂಥ ಹದ ಯಾವ ಮೆಷಿನ್ನಿಗೂ ಬರಲ್ಲ. ದೇವರು ಈ ವಯಸ್ಸಲ್ಲಿ ಕಣ್ಣು ಬಿಟ್ಟ."

"ದೇವರಲ್ಲ ಕಣೋ, ನೆಲ. ಅಲ್ಲಿ ಗಾಳಿ ಕೆಟ್ಟಿದೆ. ನಿನಗೆ ತಲೆ ಭಾರ ಆಗ್ತಿಲ್ವಾ? ನಿಜ ಹೇಳು."

ಪ್ರೊಕೊಲೊ ಇನ್ನೊಂದು ಸೌದೆ ಒಲೆಗೆ ತಳ್ಳಿದ. "ನಾಲ್ಕಕ್ಕೆ ಏಳೋನಿಗೆ ತಲೆ ಭಾರ ಆಗದೆ ಇನ್ನೇನಾಗುತ್ತೆ? ಗಾಳಿ ಕೆಟ್ಟಿದ್ರೆ ವಾಸನೆ ಬರಬೇಕಲ್ಲ, ಗುಡ್ಡದ ಹತ್ತಿರ ಬರುತ್ತಲ್ಲ, ಕೊಳೆತ ಮೊಟ್ಟೆ ವಾಸನೆ. ಇಲ್ಲಿ ಎಲ್ಲಿದೆ?"

"ಕೊಲ್ಲೋದಕ್ಕೆ ವಾಸನೆ ಇರಲ್ಲ."

"ಮೊನ್ನೆವರೆಗೂ ಒದ್ದೆ ಟವೆಲ್ಲು ಅಂತಿದ್ದೆ," ಎಂದ ಪ್ರೊಕೊಲೊ. ಈಗ ಅವನು ನಗುತ್ತಿರಲಿಲ್ಲ. "ಅದನ್ನ ಯಾರೂ ನಂಬಲಿಲ್ಲ. ಈಗ ವಿಷ ಅಂತೀಯ. ಹೋಗಣ್ಣ, ನನಗೆ ಕೆಲಸ ಇದೆ."

ಶುಕ್ರವಾರ ಪ್ರೊಕೊಲೊ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟನಂತೆ, ರಾಕೆಲೆ ನಿಂಬೆಹಣ್ಣು ಮೂಸಿಸಿದಳಂತೆ ಎಂದು ಬಿಯಾಜೊ ಸುದ್ದಿ ತಂದ. ಲಿಬೋರಿಯೊ ಮನೆಗೆ ಹೋಗಿ ಫೋನೆತ್ತಿದ. ಅಗ್ನಿಶಾಮಕದವರಿಗೆ ಒಂದು ಮಾತು ಹೇಳಿದರೆ ಸಾಕು. ಬರುತ್ತಾರೆ, ಅಳೆಯುತ್ತಾರೆ, ಬೀಗ ಜಡಿಯುತ್ತಾರೆ. ಆ ಅಂಗಡಿಗಷ್ಟೇ ಅಲ್ಲ, ಮೇಲಿನ ಮನೆಗಳಿಗೂ, ಪಕ್ಕದ ಮನೆಗಳಿಗೂ. ಚಿಕ್ಕಂದಿನಲ್ಲಿ ಅವನೇ ನೋಡಿದ್ದ, ಭೂಮಿ ಉಬ್ಬಿತೆಂದು ಒಂದಿಡೀ ಕೇರಿಯನ್ನು ಲಾರಿಗಳಲ್ಲಿ ಹೇರಿ ಸಾಗಿಸಿದ್ದನ್ನು. ಹೋದವರು ಹಿಂದೆ ಬರಲೇ ಇಲ್ಲ. ಪಿಜ್ಜಾದಲ್ಲಿ ಸೋತವನು ಸರ್ಕಾರದವರನ್ನು ಕರೆಸಿ ಓಣಿ ಖಾಲಿ ಮಾಡಿಸಿದ ಎಂಬ ಮಾತನ್ನು ಹೊತ್ತು ಈ ಊರಿನಲ್ಲಿ ಅವನು ಒಂದು ದಿನವೂ ಬದುಕುವ ಹಾಗಿರಲಿಲ್ಲ. ಫೋನ್ ಕೆಳಗಿಟ್ಟ. ಈ ಹೇಡಿತನಕ್ಕೆ ತನ್ನನ್ನು ತಾನೇ ಬೈದುಕೊಂಡ, ಮತ್ತೆ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಭೂಮಿ ಚೆನ್ನಾಗಿಯೇ ಅಲ್ಲಾಡಿತು. ಗೋಡೆಯ ಮೇಲಿನ ಚಿತ್ರ ಬಿದ್ದು ಗಾಜು ಒಡೆಯಿತು. ಜನ ಕೋಟು ಹೊದ್ದು ಬೀದಿಗೆ ಬಂದು, ಅರ್ಧ ಗಂಟೆ ನಿಂತು, ಕಾಫಿ ಕುಡಿದು ಒಳಗೆ ಹೋದರು. ಲಿಬೋರಿಯೊ ಬೀದಿಯಲ್ಲೇ ನಿಂತಿದ್ದ. ಕಾಲಡಿಯ ನೆಲ ಇನ್ನಷ್ಟು ಬಿರುಕು ಬಿಟ್ಟಿರುತ್ತದೆ, ಆ ಹದಿನೇಳು ಮೆಟ್ಟಿಲ ಕೆಳಗೆ ಈಗ ಏನು ತುಂಬುತ್ತಿರಬಹುದು ಎಂದು ಯೋಚಿಸಿದ. ತನ್ನ ಮಾತನ್ನು ಯಾಕೆ ಯಾರೂ ನಂಬುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೊಟ್ಟೆಕಿಚ್ಚಿನವನ ಮಾತು ಅದು. ಹಾಗಾದರೆ ಮೊದಲು ಆ ಕಿಚ್ಚನ್ನು ಎಲ್ಲರೆದುರು ಆರಿಸಿಬಿಡಬೇಕು. ಬೇರೆ ದಾರಿ ಕಾಣಲಿಲ್ಲ.

ಶನಿವಾರ ಹನ್ನೊಂದಕ್ಕೆ ಪ್ರೊಕೊಲೊ ಕ್ಷೌರಕ್ಕೆ ಬರುವುದು ರೂಢಿ. ಲಿಬೋರಿಯೊ ಹೋದಾಗ ಅವನು ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು, ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದ. ಬಿಯಾಜೊ ಬೆಂಚಿನಲ್ಲಿದ್ದ. ಬಾಗಿಲಲ್ಲಿ ಮೀನಿನವರು ನಾಲ್ಕೈದು ಜನ ಬೆಳಗಿನ ಭೂಕಂಪದ ಮಾತಾಡುತ್ತಾ ನಿಂತಿದ್ದರು. ಲಿಬೋರಿಯೊ ಟೋಪಿ ತೆಗೆದ.

"ಎಲ್ರೂ ಕೇಳಿ. ಪ್ರೊಕೊಲೊ, ನೀನೂ ಕೇಳು. ನಿನ್ನ ಪಿಜ್ಜಾನೇ ಈ ಊರಲ್ಲಿ ಒಂದನೇದು. ನನ್ನದಲ್ಲ. ಡಿಸೆಂಬರಲ್ಲೇ ಕದ್ದುಮುಚ್ಚಿ ತರಿಸಿ ತಿಂದಿದ್ದೀನಿ, ಆವಾಗಿಂದಾನೇ ಗೊತ್ತು. ಹೊಟ್ಟೆಕಿಚ್ಚಿಗೆ ಟವೆಲ್ಲು ಅಂದೆ. ತಪ್ಪಾಯ್ತು."

ಅದು ನಿಜವೇ ಆಗಿತ್ತು. ಓನೊಫ್ರಿಯೊ ಬ್ರಷ್ಷನ್ನು ಸೂರಿಗೆ ಎಸೆದು ಹಿಡಿದ.

"ಗೆದ್ದೆ! ಬಿಯಾಜೊ, ಅರವತ್ತು! ಇವತ್ತೇ! ಈಗ್ಲೇ!"

ಬಿಯಾಜೊ ಲಿಬೋರಿಯೊನನ್ನೇ ನೋಡಿದ. "ನನ್ನ ಮುಳುಗಿಸಿಬಿಟ್ಟೆಯಲ್ಲೋ ಮಾರಾಯ," ಎಂದು ನಿಟ್ಟುಸಿರಿಟ್ಟ. "ಆಗಲಿ. ಗಂಡಸಿನ ಮಾತು ಒಂದೇ. ಪ್ರೊಕೊಲೊ, ಅರವತ್ತು ಪಿಜ್ಜಾ, ಹನ್ನೆರಡೂವರೆಗೆಲ್ಲ ಓಣಿಗೆ ಬರಬೇಕು." ಬಾಗಿಲಲ್ಲಿದ್ದವರು ಕೂಗು ಹಾಕುತ್ತಾ ಓಣಿಗೆ ಸುದ್ದಿ ಮುಟ್ಟಿಸಲು ಓಡಿದರು.

ಪ್ರೊಕೊಲೊ ನೊರೆಯ ಮುಖದಲ್ಲೇ ಎದ್ದುಬಂದು ಲಿಬೋರಿಯೊನನ್ನು ತಬ್ಬಿಕೊಂಡ. ಅವನು ಅಳುತ್ತಿದ್ದ. "ನಿನ್ನ ಬಾಯಿಂದ ಬಂತಲ್ಲ ಅಣ್ಣ. ಮಾವ ಕೂಡ ಒಂದು ದಿನ ಹೀಗೆ ಅನ್ನಲಿಲ್ಲ. ನಿನ್ನ ಬಾಯಿಂದ!"

ಲಿಬೋರಿಯೊ ಅವನ ಕಿವಿಯ ಹತ್ತಿರ ಬಾಯಿಟ್ಟ. "ಈಗಲಾದರೂ ನನ್ನ ಮಾತು ಕೇಳು. ಕೆಳಗೆ ಇಳೀಬೇಡ. ಬೆಳಕಿಂಡಿ ಒಡೆದುಹಾಕು. ಇವತ್ತಂತೂ ಇಳೀಬೇಡ ಕಣೋ."

ತಬ್ಬಿದ ಕೈ ಸಡಿಲವಾಯಿತು. ಪ್ರೊಕೊಲೊ ಹಿಂದೆ ಸರಿದು ಅವನ ಮುಖ ನೋಡಿದ. ಆಮೇಲೆ ಬೆರಳೆತ್ತಿ ಆಡಿಸುತ್ತಾ ಗಟ್ಟಿಯಾಗಿ ನಕ್ಕ.

"ನೋಡ್ರಪ್ಪಾ ನಮ್ಮಣ್ಣನ್ನ! ಹೊಗಳಿದ್ದು ಯಾಕೆ ಗೊತ್ತಾ? ಬೆಳಕಿಂಡಿ ತೆಗೆಸಿ ಕೆಳಗಿನ ಕಾವೆಲ್ಲ ಹೊರಗೆ ಹೋಗಲಿ ಅಂತ!"

ಅಂಗಡಿ ಬಿದ್ದು ಬಿದ್ದು ನಕ್ಕಿತು. ಬಿಯಾಜೊನೂ ನಕ್ಕ. ಲಿಬೋರಿಯೊನಿಗೆ ಕಣ್ಣಲ್ಲಿ ನೀರು ಬಂತು, ಅದನ್ನೂ ಅವರು ನಾಟಕವೆಂದೇ ತಿಳಿದರು.

"ಹೆದರಬೇಡಣ್ಣ," ಎಂದ ಪ್ರೊಕೊಲೊ ಮೆತ್ತಗೆ, ನೊರೆ ಒರೆಸಿಕೊಳ್ಳುತ್ತಾ. "ನಿನ್ನೆಯಿಂದ ರಾಕೆಲೆ ಕಟ್ಟಪ್ಪಣೆ ಆಗಿದೆ. ಇಳಿಯೋ ಮುಂಚೆ ಅರ್ಧ ಗಂಟೆ ಬಾಗಿಲು ತೆರೆದಿಡ್ತೀನಿ. ಸಾಕಲ್ಲ?"

ಸಾಲದು ಎಂದು ಲಿಬೋರಿಯೊನಿಗೆ ಗೊತ್ತಿತ್ತು. ಆದರೂ ಅರ್ಧ ಗಂಟೆ ಎಂಬುದು ಒಂದು ಹಿಡಿಯಷ್ಟು ಧೈರ್ಯ ಕೊಟ್ಟಿತು. ಅಷ್ಟರಲ್ಲಿ ಓಣಿಯಿಂದ ಪ್ರೊಕೊಲೊನ ಹೆಸರು ಕೂಗುವುದು ಕೇಳಿಸಿತು. ಪ್ರೊಕೊಲೊ ಗಡಿಯಾರ ನೋಡಿದ.

"ಹನ್ನೊಂದು ಇಪ್ಪತ್ತು! ಅರವತ್ತು ಪಿಜ್ಜಾ! ನಿಂತು ಮಾತಾಡ್ತಿದ್ದೀನಲ್ಲ ನಾನು!" ಅರ್ಧ ಕ್ಷೌರದ ಮುಖದಲ್ಲೇ ಓಡಿದ.

ಅರ್ಧ ಗಂಟೆ ಬಾಗಿಲು ತೆರೆದಿಟ್ಟು ಕಾಯುವವನ ಓಟವಾಗಿರಲಿಲ್ಲ ಅದು. ಲಿಬೋರಿಯೊನೂ ಹಿಂದೆ ಹೊರಟ. ಮಂಡಿ ಸಹಕರಿಸಲಿಲ್ಲ. ಓಣಿಯಲ್ಲಿ ಆಗಲೇ ಕುರ್ಚಿಗಳು ಹೊರಬಂದಿದ್ದವು, ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು, ಯಾರೋ ಅವನ ಬೆನ್ನಿಗೂ ಬಡಿದು "ಭಲೇ ಡೊನ್ ಲಿಬೋರಿಯೊ" ಎಂದರು. ಅವರನ್ನೆಲ್ಲ ತಳ್ಳಿಕೊಂಡು ಅಂಗಡಿಗೆ ನುಗ್ಗಿದ. ರಾಕೆಲೆ ಒಲೆಯ ಮುಂದೆ ಟೊಮೇಟೊ, ಚೀಸು, ಕಾಮಕಸ್ತೂರಿ ಎಲೆಗಳ ಬಟ್ಟಲು ಸಾಲಾಗಿ ಜೋಡಿಸುತ್ತಿದ್ದಳು, ಅವಳೂ ನಗುತ್ತಿದ್ದಳು. ಹಿಂದೆ ನೆಲಮಾಳಿಗೆಯ ಬಾಗಿಲಿನ ಚಿಲಕದ ಮೇಲೆ ಪ್ರೊಕೊಲೊನ ಕೈಯಿತ್ತು. ಲಿಬೋರಿಯೊ ಅವನ ಮುಂದೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಅರ್ಧ ಗಂಟೆ ಅಂದೆಯಲ್ಲ."

"ಜನ ಕಾಯ್ತಿದ್ದಾರಣ್ಣ. ಹೀಗೆ ಹೋಗಿ ಹಾಗೆ ಬರ್ತೀನಿ. ಉಸಿರು ಹಿಡ್ಕೋತೀನಿ, ಸರೀನಾ?" ಪ್ರೊಕೊಲೊ ಅವನನ್ನು ಎರಡೂ ಕಂಕುಳಿಗೆ ಕೈಹಾಕಿ ಎತ್ತಿ, ಪಕ್ಕಕ್ಕಿಟ್ಟು, ಕೆನ್ನೆಗೆ ಮುತ್ತಿಟ್ಟ. ಬಾಗಿಲು ತೆಗೆದ. ಬೆಚ್ಚಗಿನ ಗಾಳಿ ಮೇಲೆ ಬಂತು, ಅದರಲ್ಲಿ ಕಣಕದ ಹುಳಿ ಪರಿಮಳ ಬಿಟ್ಟು ಬೇರೇನೂ ಇರಲಿಲ್ಲ.

ಅವನ ಹೆಜ್ಜೆಗಳನ್ನು ಲಿಬೋರಿಯೊ ಎಣಿಸಿದ. ಹನ್ನೆರಡರವರೆಗೆ ಸರಿಯಾಗಿ ಕೇಳಿಸಿದವು. ಆಮೇಲಿನದು ತಪ್ಪು ಹೆಜ್ಜೆ. ಮರದ ಪೆಟ್ಟಿಗೆಗಳ ಮೇಲೆ ಭಾರವಾದದ್ದೇನೋ ಬಿತ್ತು. ಲಿಬೋರಿಯೊ ಹೆಸರು ಹಿಡಿದು ಕೂಗಿದ. ಮತ್ತೆ ಕೂಗಿದ. ಉತ್ತರ ಬರಲಿಲ್ಲ.

ರಾಕೆಲೆ ಕೈಯಲ್ಲಿದ್ದ ಬಟ್ಟಲು ಬಿಟ್ಟು ಓಡಿಬಂದಳು. "ಏನಾಯ್ತು? ಬಿದ್ದರಾ? ಪ್ರೊಕೊಲೊ!" ಬಾಗಿಲ ಕಡೆ ನುಗ್ಗಿದವಳನ್ನು ಲಿಬೋರಿಯೊ ಹಿಂದಿನಿಂದ ಎರಡೂ ತೋಳಲ್ಲಿ ಬಿಗಿಯಾಗಿ ಹಿಡಿದ. ನಲವತ್ತು ವರ್ಷ ಕಣಕ ನಾದಿದ ತೋಳುಗಳು, ಮಂಡಿಯ ಹಾಗೆ ಕೈಕೊಡಲಿಲ್ಲ.

"ಬಿಡ್ರೀ! ಬಿಡ್ರೀ ನನ್ನ!"

"ಓನೊಫ್ರಿಯೊ, ಅಗ್ನಿಶಾಮಕದವರಿಗೆ ಫೋನ್ ಮಾಡು!" ಎಂದು ಹಿಂದೆಯೇ ಓಡಿಬಂದಿದ್ದವನಿಗೆ ಕಿರುಚಿದ ಲಿಬೋರಿಯೊ. ಅಂಗಡಿಯ ತುಂಬ ಜನ ಸೇರಿದ್ದರು. ಗಂಡ ಕೆಳಗೆ ಬಿದ್ದಿದ್ದಾನೆ, ಹೆಂಡತಿಯನ್ನು ಹೋಗಬಿಡದೆ ಹಿಡಿದುಕೊಂಡು ನಿಂತಿದ್ದಾನೆ ಈ ಮುದುಕ, ಇಷ್ಟೇ ಅವರಿಗೆ ಕಂಡದ್ದು. ಇಬ್ಬರು ಬಂದು ಅವನ ತೋಳು ಬಿಡಿಸಲು ಎಳೆದರು. ಬಿಯಾಜೊ ಕಾಯಲಿಲ್ಲ, ಮೆಟ್ಟಿಲು ಇಳಿದೇಬಿಟ್ಟ. ಏಳನೆಯ ಮೆಟ್ಟಿಲಲ್ಲಿ ಅವನ ಕಾಲು ಮಡಿಸಿಕೊಂಡಿತು. ಅಷ್ಟರಲ್ಲಿ ಫೋನ್ ಮಾಡಿ ಮುಗಿಸಿದ್ದ ಓನೊಫ್ರಿಯೊ ಉಸಿರು ಬಿಗಿಹಿಡಿದು ಧಾವಿಸಿ ಅವನ ಕೋಟಿನ ಕಾಲರಿಗೆ ಕೈಹಾಕಿ ಮೇಲೆಳೆದುಕೊಂಡ. ಬಿಯಾಜೊ ನೆಲದ ಮೇಲೆ ಬಿದ್ದು ಬಾಯಿ ಕಳೆದು ಒದ್ದಾಡಿದ, ಮುಖ ನೀಲಿಗಟ್ಟಿತ್ತು.

ಅಲ್ಲಿಗೆ ಎಲ್ಲರಿಗೂ ತಿಳಿಯಿತು. ಲಿಬೋರಿಯೊನ ತೋಳು ಎಳೆಯುತ್ತಿದ್ದವರು ಕೈ ಬಿಟ್ಟರು. ಓಣಿಯಲ್ಲಿ ಚಪ್ಪಾಳೆ ನಿಂತುಹೋಗಿತ್ತು. ರಾಕೆಲೆಗೆ ಮಾತ್ರ ಏನೂ ತಿಳಿಯಲಿಲ್ಲ, ತಿಳಿಯುವ ಸ್ಥಿತಿಯಲ್ಲೂ ಅವಳಿರಲಿಲ್ಲ. ಲಿಬೋರಿಯೊನ ಮುಂಗೈಗೆ ಹಲ್ಲೂರಿ ರಕ್ತ ಬರುವ ಹಾಗೆ ಕಚ್ಚಿದಳು.

"ಅಪ್ಪ ಅಂಗಡಿ ನಿನಗೆ ಕೊಡಲಿಲ್ಲ ಅಂತ ಮೂವತ್ತು ವರ್ಷ ಕಾದೆಯಲ್ಲೋ! ಇವತ್ತಿಗೆ ತೃಪ್ತಿ ಆಯ್ತಾ? ಒಳ್ಳೇ ಮಾತಾಡಿ ಕೆಳಗೆ ಕಳಿಸಿಬಿಟ್ಟೆಯಲ್ಲೋ ಪಾಪಿ!"

ಅವಳ ಮಾತಿನ ಮೊದಲರ್ಧ ಸುಳ್ಳು ಎನ್ನಬಹುದಿತ್ತು, ಕೊನೆಯದು ನಿಜವಾಗಿತ್ತು, ಅವನ ಒಳ್ಳೆಯ ಮಾತೇ ಪ್ರೊಕೊಲೊನನ್ನು ಕೆಳಗಿಳಿಸಿತ್ತು. ಕೆಳಗಿಂದ ಸದ್ದು ನಿಂತು ಆಗಲೇ ಐದು ನಿಮಿಷವಾಗಿತ್ತು, ಆ ಗಾಳಿಯಲ್ಲಿ ಐದು ನಿಮಿಷವೆಂದರೆ ಏನೆಂದು ಲಿಬೋರಿಯೊನಿಗೆ ಗೊತ್ತಿತ್ತು. ಬಂದರಿನ ತಿರುವಿನಲ್ಲಿ ಸೈರನ್ನು ಕೇಳಿಸಿತು. ಅವನು ಅವಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.